ಬಿಡದ ಮಳೆ, ಚಳಿಯ ದಿನ, ಮನೆಯೊಳಗೆ ಮಕ್ಕಳು: ಯಾವ ಹೊತ್ತಿಗೆ ಯಾವ ಆಟ?

ಬೆಳಗ್ಗೆ ಆರೂವರೆ. ಕಿಟಕಿಯ ಹೊರಗೆ ಇನ್ನೂ ಕತ್ತಲು, ಮಳೆ ಒಂದೇ ಸಮನೆ ಸುರಿಯುತ್ತಿದೆ. ಹೊದಿಕೆಯೊಳಗಿನ ಬಿಸುಪು ಬಿಟ್ಟೇಳಲು ಮನಸ್ಸಾಗದೆ ಮಗ್ಗುಲು ಬದಲಿಸುವಷ್ಟರಲ್ಲಿ ಎರಡು ತಣ್ಣನೆಯ ಪುಟ್ಟ ಪಾದಗಳು ಬಂದು ಹೊಟ್ಟೆಗೆ ಒತ್ತಿಕೊಳ್ಳುತ್ತವೆ. "ಅಪ್ಪಾ, ಇವತ್ತೂ ಮಳೆಯಾ?" ಹೌದು, ಇವತ್ತೂ ಮಳೆ. ರಾತ್ರಿ ಎಂಟಕ್ಕೆ ದೀಪ ಆರಿಸುವವರೆಗೆ ಹದಿಮೂರೂವರೆ ಗಂಟೆ ಮುಂದೆ ಬಿದ್ದಿದೆ.

ನಮ್ಮ ಮನೆಯಲ್ಲಿ ಇಬ್ಬರು: ನಾಲ್ಕೂವರೆ ವರ್ಷದ ಮಗಳು, ಒಂದು ವರ್ಷ ಎಂಟು ತಿಂಗಳ ಮಗ. ಇಂಥ ದಿನವನ್ನು ಮೊದಲ ಸಲ ಒಬ್ಬನೇ ನಿಭಾಯಿಸಿದಾಗ ನಾನು ಮಾಡಿದ ತಪ್ಪು ಇದು: ಬಣ್ಣ, ಹಿಟ್ಟಿನ ಮುದ್ದೆ, ಕಟ್ಟುವ ಇಟ್ಟಿಗೆ, ಚಿತ್ರದ ಪುಸ್ತಕ, ಎಲ್ಲವನ್ನೂ ಒಂದರ ಹಿಂದೊಂದು ಹೊರತೆಗೆದೆ. ಒಂಬತ್ತೂ ಮುಕ್ಕಾಲಿಗೆ ಮನೆಯಲ್ಲಿದ್ದ ಅಸ್ತ್ರಗಳೆಲ್ಲ ಮುಗಿದಿದ್ದವು. ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ, ಇಬ್ಬರೂ ಅಳುತ್ತಿದ್ದರು, ಮಧ್ಯಾಹ್ನದ ನಿದ್ದೆಗೆ ಇನ್ನೂ ಮೂರು ಗಂಟೆ ಬಾಕಿಯಿತ್ತು.

ಆಮೇಲೆ ಅರ್ಥವಾಯಿತು. "ಮಳೆಗಾಲಕ್ಕೆ ಐವತ್ತು ಚಟುವಟಿಕೆಗಳು" ಎಂಬಂಥ ಪಟ್ಟಿಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಆಯ್ಕೆಯಲ್ಲಿ. ಈಗ ನಾನು ಪ್ರತಿ ಆಟಕ್ಕೂ ಮೂರು ಪ್ರಶ್ನೆ ಕೇಳುತ್ತೇನೆ. ಹರಡಲು ಎಷ್ಟು ಹೊತ್ತು? ಮಕ್ಕಳನ್ನು ಹಿಡಿದಿಡುವುದು ಎಷ್ಟು ಹೊತ್ತು? ಮುಗಿದ ಮೇಲೆ ಒರೆಸಿ ಎತ್ತಿಡಲು ಎಷ್ಟು ಹೊತ್ತು? ಮೊದಲನೆಯದೂ ಮೂರನೆಯದೂ ಸೇರಿ ಎರಡನೆಯದನ್ನು ಮೀರಿದರೆ ಆ ಆಟ ನಷ್ಟದ ವ್ಯಾಪಾರ. ಇದಕ್ಕೆ ಇನ್ನೊಂದು ಗುಟ್ಟಿನ ಪ್ರಶ್ನೆಯೂ ಉಂಟು: ಈ ಹೊತ್ತಿನಲ್ಲಿ ನನ್ನಲ್ಲಿ ಎಷ್ಟು ತ್ರಾಣವಿದೆ? ಬೆಳಗ್ಗೆ ಎಂಟಕ್ಕೆ ಆಗುವ ಆಟ ಸಂಜೆ ಐದಕ್ಕೆ ಆಗುವುದಿಲ್ಲ. ಮಕ್ಕಳ ಮಟ್ಟಿಗೆ ಅಲ್ಲ, ನಮ್ಮ ಮಟ್ಟಿಗೆ.

ಮೊದಲ ತೀರ್ಮಾನ: ಹೊರಗೋ, ಒಳಗೋ

ಮನೆಯೊಳಗಿನ ಆಟಗಳ ಲೆಕ್ಕ ಶುರುಮಾಡುವ ಮೊದಲು ಇದನ್ನು ತೀರ್ಮಾನಿಸಬೇಕು. ಮಳೆ ಎಂದ ಕೂಡಲೇ ಬಾಗಿಲು ಹಾಕುವುದು ನಮಗೆ ಅಭ್ಯಾಸ. "ನೆನೆದರೆ ಶೀತವಾಗುತ್ತದೆ" ಎನ್ನುವುದು ಬಾಯಿಪಾಠ. ಆದರೆ ಶೀತ ತರುವುದು ವೈರಸ್, ಮಳೆಹನಿ ಅಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಂಡು ದಿನವಿಡೀ ಕೂತರೆ ಅದು ಹಬ್ಬಲು ಇನ್ನೂ ಸಲೀಸು. ಒದ್ದೆ ಬಟ್ಟೆಯಲ್ಲಿ ಚಳಿ ಹಿಡಿಯುವಷ್ಟು ಹೊತ್ತು ಬಿಡಬಾರದು, ಅದು ಬೇರೆ ಮಾತು.

ಹೊರಗಿನ ಪರವಾಗಿ ಹೇಳಲು ಇನ್ನೂ ಎರಡು ಮಾತುಗಳಿವೆ. ಒಂದು, ಬೆಳಕು. ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ದೀಪ ಹಾಕಿದ ಮನೆಯ ಕೋಣೆಯಲ್ಲಿ ಅದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ, ಅಷ್ಟೇ. ಎರಡು, ಮೈಯ ಹಸಿವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 1ರಿಂದ 4 ವರ್ಷದ ಮಕ್ಕಳ ಮೈ ದಿನಕ್ಕೆ ಕನಿಷ್ಠ 180 ನಿಮಿಷ ಆಡುತ್ತಿರಬೇಕು. 3 ವರ್ಷ ದಾಟಿದವರಿಗೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಓಟ, ಜಿಗಿತ ಬೇಕು. ಸೋಫಾದ ಸುತ್ತ ಓಡಿ ಮೂರು ಗಂಟೆ ತುಂಬಿಸಲು ಹೊರಟವರಿಗೆ ಆ ಸಂಖ್ಯೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಇನ್ನು ಖರ್ಚಿನ ಬಾಬ್ತು. ಇಬ್ಬರಿಗೂ ಉಡುಪು ತೊಡಿಸಲು ಹದಿನೈದು ನಿಮಿಷ (ಕೊನೆಯ ಗಂಬೂಟು ಹಾಕಿದ ಮೇಲೆ ಒಬ್ಬರಿಗೆ ಮೂತ್ರ ಬರುತ್ತದೆ, ಇದು ನಿಯಮ), ಹೊರಗೆ ಇಪ್ಪತ್ತು ನಿಮಿಷ, ಬಂದು ಬಿಚ್ಚಿ ಒರೆಸಲು ಹದಿನೈದು. ನನ್ನದೇ ಲೆಕ್ಕದ ಪ್ರಕಾರ ಇದು ನಷ್ಟದ ವ್ಯಾಪಾರ. ಆದರೂ ಈ ಒಂದಕ್ಕೆ ಮಾತ್ರ ನಿಯಮ ಮುರಿಯುತ್ತೇನೆ. ಕಾರಣ, ಹೊರಗೆ ಹೋಗಿ ಬಂದ ಮಗು ಒಳಗೆ ಕೂತು ಆಡುತ್ತದೆ. ಹೋಗದ ಮಗು ಕಿಟಕಿಯ ಪರದೆಗೆ ಜೋತುಬೀಳುತ್ತದೆ. ಇಪ್ಪತ್ತು ನಿಮಿಷದ ಹೊಂಡದ ಕುಣಿತಕ್ಕೆ ಮುಂದಿನ ಒಂದು ಗಂಟೆಯ ಶಾಂತಿ ಬಡ್ಡಿಯಾಗಿ ಸಿಗುತ್ತದೆ.

ಉಡುಪಿನಲ್ಲಿ ಹತ್ತಿಯೋ ಉಣ್ಣೆಯೋ ಎಂದರೆ ಚಳಿಯ ಮಳೆಗೆ ಉಣ್ಣೆ. ಇಲ್ಲವೇ ಬೇಗ ಒಣಗುವ ಕೃತಕ ನೂಲು. ಹತ್ತಿ ನೆನೆದರೆ ನೀರು ಹಿಡಿದುಕೊಂಡು ಮೈಯ ಬಿಸಿಯನ್ನು ಹೀರುತ್ತದೆ, ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ. ಒಂದೇ ದಪ್ಪ ಕೋಟಿಗಿಂತ ತೆಳುವಾದ ಎರಡು ಮೂರು ಪದರ ಮೇಲು. ಅದರ ಮೇಲೆ ರೇನ್‌ಕೋಟ್. ಈ ವಯಸ್ಸಿನ ಮಕ್ಕಳಿಗೆ ಛತ್ರಿ ಕೊಡುವುದು ಆಟಿಕೆ ಕೊಟ್ಟಂತೆ. ಒಬ್ಬರ ಛತ್ರಿ ಇನ್ನೊಬ್ಬರ ಕಣ್ಣಿಗೆ.

ಹೋಗಬಾರದ ದಿನಗಳೂ ಇವೆ. ಗಾಳಿ ಜೋರಾಗಿ ಮರದ ಕೊಂಬೆಗಳು ತೂಗಾಡುವಾಗ, ಮಗುವಿಗೆ ಜ್ವರ ಇರುವಾಗ, ಗುಡುಗು ಇರುವಾಗ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಕೇಳಿಸಿದರೆ ಒಳಗೆ ಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಹೋಗಬೇಡಿ. ಒಳಗೆ ಕೂತು ಎಣಿಸುವುದೇ ನಮ್ಮ ಮಗಳಿಗೆ ಒಂದು ಆಟವಾಗಿ, ಗುಡುಗಿನ ಹೆದರಿಕೆ ಅದರಲ್ಲೇ ಅರ್ಧ ಕರಗಿತು.

ಹೊರಗೆ ಆಗದಿದ್ದರೆ ಮೈ ದಣಿಸುವುದು ಹೇಗೆ

ಬಲೂನು ಎಲ್ಲರಿಗೂ ಮೊದಲು ನೆನಪಾಗುತ್ತದೆ. ನಿಧಾನವಾಗಿ ತೇಲುತ್ತದೆ, ಏನನ್ನೂ ಒಡೆಯುವುದಿಲ್ಲ. ನಾನು ಮಾತ್ರ ಬೇಡ ಎನ್ನುತ್ತೇನೆ. ಒಡೆದ ಬಲೂನಿನ ತುಂಡನ್ನು ಚಿಕ್ಕ ಮಗು ಬಾಯಿಗೆ ಹಾಕಿಕೊಂಡರೆ ಅದು ಗಂಟಲೊಳಗೆ ಅಂಟಿ ಉಸಿರು ಕಟ್ಟಿಸಬಹುದು, ತೆಗೆಯುವುದೂ ಬಹಳ ಕಷ್ಟ. ಅದೇ ಕೆಲಸವನ್ನು ಸುರುಳಿ ಸುತ್ತಿದ ಕಾಲುಚೀಲಗಳು ಮಾಡುತ್ತವೆ. ಹತ್ತು ಜೊತೆ ಕಾಲುಚೀಲ, ಒಂದು ಬಟ್ಟೆ ಬುಟ್ಟಿ, ಎಸೆಯುವ ದೂರವನ್ನು ಒಂದೊಂದೇ ಹೆಜ್ಜೆ ಹೆಚ್ಚಿಸುವುದು. ಹರಡಲು ಒಂದು ನಿಮಿಷ, ಎತ್ತಿಡಲು ಒಂದು ನಿಮಿಷ, ಹಿಡಿದಿಡುವುದು ಹದಿನೈದು. ಮನೆಯೊಳಗಿನ ಆಟಗಳಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ನೆಲಕ್ಕೆ ಕಾಗದದ ಟೇಪು ಅಂಟಿಸಿ ದಾರಿ ಮಾಡುವುದು, ದಿಂಬುಗಳನ್ನು ದ್ವೀಪ ಮಾಡಿ ಜಿಗಿಯುವುದು, ಹಾಡು ನಿಂತಾಗ ಕಲ್ಲಾಗುವ ಕುಣಿತ ಇವೆಲ್ಲ ಒಂದೇ ಜಾತಿಯವು. ಕೆಳಮನೆಯಲ್ಲಿ ಜನವಿದ್ದರೆ ದಿಂಬಿನ ಜಿಗಿತಕ್ಕಿಂತ ಟೇಪಿನ ದಾರಿ ಒಳ್ಳೆಯದು. ಅಷ್ಟು ಸಾಕು.

ಹಿಟ್ಟು, ನೀರು, ಬಣ್ಣ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಚಳಿಯ ಮಳೆಯ ದಿನದ ನಿಜವಾದ ಸುಖ ಇರುವುದು ಈ ಮೂರರಲ್ಲೇ, ಕೊಳೆಯೂ ಇವುಗಳಲ್ಲೇ.

ಬಣ್ಣವನ್ನು ಮೊದಲು ಪಕ್ಕಕ್ಕಿಡೋಣ. ಕುಂಚ, ನೀರಿನ ಬಟ್ಟಲು, ಹಾಸಲು ಹಳೆಯ ಬಟ್ಟೆ, ಮಕ್ಕಳಿಗೆ ಹಳೆಯ ಅಂಗಿ ಎಂದು ಸಿದ್ಧಮಾಡಲು ಹತ್ತು ನಿಮಿಷ. ಚಿಕ್ಕವನು ಆರು ನಿಮಿಷದಲ್ಲಿ ಇಡೀ ಹಾಳೆಯನ್ನು ಕಂದು ಮಾಡಿ, "ಆಯ್ತು" ಎಂದು ಕೈಯೆತ್ತಿ ಗೋಡೆಯ ಕಡೆಗೆ ನಡೆಯುತ್ತಾನೆ. ಮುಂದಿನ ಇಪ್ಪತ್ತು ನಿಮಿಷ ನನ್ನದು. ಮೂರು ದಾಟಿದ ಒಂದೇ ಮಗುವಿದ್ದರೆ ಬಣ್ಣ ಸೊಗಸು. ಎರಡು ವರ್ಷದೊಳಗಿನವರಿಗೆ ಮೇಣದ ಕಡ್ಡಿಯೂ ದೊಡ್ಡ ರಟ್ಟೂ ಸಾಕು.

ಹಿಟ್ಟಿನ ಮುದ್ದೆ ಹಾಗಲ್ಲ. ಎರಡು ಲೋಟ ಹಿಟ್ಟು, ಒಂದು ಲೋಟ ಪುಡಿ ಉಪ್ಪು, ಒಂದೆರಡು ಚಮಚ ಎಣ್ಣೆ, ಮುಕ್ಕಾಲು ಲೋಟದಿಂದ ಒಂದು ಲೋಟದವರೆಗೆ ಬೆಚ್ಚನೆಯ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಮ್ಮೆಲೇ ಸುರಿದರೆ ಅಂಟು. ನಾದಿ ನಾದಿ ಕೈಗೆ ಅಂಟುವುದು ಬಿಟ್ಟ ಮೇಲೆ ಮುದ್ದೆ ಸಿದ್ಧ. ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಒಂದೆರಡು ವಾರ ಬರುತ್ತದೆ. ಇಷ್ಟೊಂದು ಉಪ್ಪು ಹಾಕುವುದು ಬೇಗ ಕೆಡದಿರಲಿ ಎಂದು. ಮಗು ನಾಲಗೆ ತಾಗಿಸಿ ಮುಖ ಹಿಂಡಿ ಬಿಟ್ಟರೆ ತೊಂದರೆಯಿಲ್ಲ. ಆದರೆ ಉಂಡೆಗಟ್ಟಲೆ ನುಂಗಲು ಬಿಡಬೇಡಿ, ಹಸಿ ಹಿಟ್ಟೂ ಅಷ್ಟು ಉಪ್ಪೂ ಹೊಟ್ಟೆಗೆ ಒಳ್ಳೆಯದಲ್ಲ. ನಾಯಿ ಇರುವ ಮನೆಯಲ್ಲಿ ಇನ್ನೂ ಎಚ್ಚರ. ಇದನ್ನು ತಿಂದ ನಾಯಿಗೆ ಉಪ್ಪಿನ ವಿಷವೇರುವ ಅಪಾಯವಿದೆ.

ಅಂಗಡಿಯ ಮುದ್ದೆಯೋ, ಮನೆಯದೋ? ಅಂಗಡಿಯದು ಮೃದು, ಬಣ್ಣ ಚೆನ್ನ, ತೆಗೆದರೆ ಆಯಿತು. ಅದರ ಕಥೆಯೂ ಸ್ವಾರಸ್ಯದ್ದು. ಇಂದು ಪ್ಲೇ-ಡೋ ಎಂದು ಹೆಸರಾದದ್ದು 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆಕಾಗದ ಶುಚಿಮಾಡುವ ಮುದ್ದೆಯಾಗಿತ್ತು. ಚಳಿಗೆ ಕಲ್ಲಿದ್ದಲು ಉರಿಸುತ್ತಿದ್ದ ಮನೆಗಳಲ್ಲಿ ಗೋಡೆಗೆ ಹಿಡಿದ ಮಸಿಯನ್ನು ಅದರಿಂದ ಒತ್ತಿ ತೆಗೆಯುತ್ತಿದ್ದರು. ಕಲ್ಲಿದ್ದಲು ಹೋಗಿ ಗ್ಯಾಸ್ ಬಂದ ಮೇಲೆ ಮಸಿಯೂ ಇಲ್ಲ, ಗಿರಾಕಿಯೂ ಇಲ್ಲ. ಶಿಶುವಿಹಾರದ ಮಕ್ಕಳ ಕೈಯಲ್ಲಿ ಅದು ಆಟಿಕೆಯಾಗಿ, 1956ರಲ್ಲಿ ಹಾಗೆಯೇ ಮಾರಾಟಕ್ಕೆ ಬಂತು. ಇಷ್ಟೆಲ್ಲ ಹೇಳಿದರೂ ಮಳೆಯ ದಿನಕ್ಕೆ ನನ್ನ ಮತ ಮನೆಯ ಮುದ್ದೆಗೇ. ಅದನ್ನು ಕಲಸುವುದೇ ಅರ್ಧ ಗಂಟೆಯ ಆಟ. ಅಂಗಡಿಯ ಡಬ್ಬಿಯಲ್ಲಿ ಆ ಅರ್ಧ ಗಂಟೆ ಸಿಗುವುದಿಲ್ಲ.

ಕಳೆದ ಬಾರಿ ಕಲಸಿದಾಗ ಮಗಳು ಉಪ್ಪಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಾಲಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು ಸುರಿದಳು. ಹಿಟ್ಟಿನ ಗುಡ್ಡದ ನಡುವೆ ಬೆರಳಿನಿಂದ ಕುಳಿ ತೋಡಿ ನೀರು ಹೊಯ್ದಳು. ನೀರು ಒಂದು ಕ್ಷಣ ಕೆರೆಯಂತೆ ನಿಂತು, ದಂಡೆ ಕುಸಿದು, ಮೆಲ್ಲಗೆ ಒಳಗೆ ಇಂಗಿತು. "ಎಲ್ಲಿ ಹೋಯಿತು?" ಎಂದು ಮೂಗನ್ನು ಹಿಟ್ಟಿಗೆ ತಾಗುವಷ್ಟು ಬಗ್ಗಿ ನೋಡಿದಳು. ಉಸಿರು ಬಿಟ್ಟಾಗ ಹಿಟ್ಟು ಹಾರಿ ರೆಪ್ಪೆಗಳೆಲ್ಲ ಬೆಳ್ಳಗಾದವು. ಆಮೇಲೆ ಮಾಡಿದ ಹಾವು, ಚೆಂಡು, "ಅಜ್ಜಿಯ ಕನ್ನಡಕ" ಯಾವುದೂ ಆ ಕೆರೆಗೆ ಸಮವಾಗಲಿಲ್ಲ.

ಇನ್ನು ನೀರು. ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ನೀರಿಗಿಂತ ದೊಡ್ಡ ಆಟಿಕೆ ನನಗೆ ಗೊತ್ತಿಲ್ಲ. ನೆಲಕ್ಕೆ ದಪ್ಪ ಟವೆಲ್, ಅದರ ಮೇಲೆ ಅಗಲವಾದ ಬೋಗುಣಿ, ಅದರಲ್ಲಿ ಮೂರು ಬೆರಳಷ್ಟು ಬೆಚ್ಚನೆಯ ನೀರು, ಒಂದು ಸೌಟು, ಜರಡಿ, ಎರಡು ಲೋಟ, ಒಂದು ಸ್ಪಂಜು. ಮಗನ ದಾಖಲೆ ನಲವತ್ತು ನಿಮಿಷ. ಸೌಟಿನಿಂದ ಲೋಟಕ್ಕೆ, ಲೋಟದಿಂದ ಜರಡಿಗೆ, ಜರಡಿಯಿಂದ ಸೋರಿದ್ದು ಮತ್ತೆ ಬೋಗುಣಿಗೆ. ಜರಡಿಯಲ್ಲಿ ನೀರು ಏಕೆ ನಿಲ್ಲುವುದಿಲ್ಲ ಎಂಬುದು ಅವನಿಗೆ ಪ್ರತಿ ಸಲವೂ ಹೊಸ ಅಚ್ಚರಿ. ಚಳಿಯಲ್ಲಿ ನೀರು ಬೇಗ ತಣ್ಣಗಾಗುವುದರಿಂದ ನಡುವೆ ಒಮ್ಮೆ ಬದಲಿಸಬೇಕು, ತೋಳು ಮಡಚಬೇಕು, ಮುಗಿದ ಕೂಡಲೇ ಒಣ ಅಂಗಿ ಹಾಕಬೇಕು. ಒರೆಸಲು ಐದು ನಿಮಿಷ. ನೀರಲ್ಲವೇ, ನೆಲವೂ ಒರೆಸಿದಂತಾಯಿತು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಚಿಕ್ಕ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಆಳದ ಬಕೆಟ್ ಬೇಡವೇ ಬೇಡ. ಕೈಯಳತೆಯಲ್ಲಿ ಕೂತಿರಿ, ಮುಗಿದ ತಕ್ಷಣ ಚೆಲ್ಲಿಬಿಡಿ. ಹಾಗಾಗಿ ನೀರಾಟವನ್ನು "ಆ ಹೊತ್ತಿನಲ್ಲಿ ಅಡುಗೆ ಮುಗಿಸುತ್ತೇನೆ" ಎಂಬ ಲೆಕ್ಕಕ್ಕೆ ಹಾಕಿಕೊಳ್ಳಬಾರದು. ಪಕ್ಕದಲ್ಲಿ ಕೂತು ಚಹಾ ಕುಡಿಯುವ ಲೆಕ್ಕಕ್ಕೆ ಹಾಕಿಕೊಳ್ಳಬಹುದು, ಚಹಾ ಮಗುವಿನ ಕೈಗೆ ಸಿಗದಿದ್ದರೆ.

ಹಿಟ್ಟೂ ನೀರೂ ಎರಡೂ ಒಟ್ಟಿಗೆ ಬೇಕೆನ್ನುವ ಮಹತ್ವಾಕಾಂಕ್ಷಿಗಳಿಗೆ ಕಾರ್ನ್‌ಫ್ಲೋರ್ ಇದೆ. ಎರಡು ಪಾಲು ಕಾರ್ನ್‌ಫ್ಲೋರ್‌ಗೆ ಒಂದು ಪಾಲು ನೀರು. ಗುದ್ದಿದರೆ ಕಲ್ಲು, ಬಿಟ್ಟರೆ ಬೆರಳುಗಳ ಸಂದಿಯಿಂದ ಇಳಿಯುವ ಪಾಯಸ. ನಾಲ್ಕು ವರ್ಷದವರಿಗಿಂತ ನನಗೇ ಹೆಚ್ಚು ಇಷ್ಟವಾಯಿತು. ಒಣಗಿದ ಮೇಲೆ ಪುಡಿಯಾಗಿ ಗುಡಿಸಿದರೆ ಹೋಗುತ್ತದೆ, ಹಸಿಯಿದ್ದಾಗ ಒರೆಸಲು ಹೋದರೆ ಮನೆಯೆಲ್ಲ ಬಳಿದಂತಾಗುತ್ತದೆ. ಸಿಂಕಿಗೆ ಸುರಿಯಬೇಡಿ. ತಳಕ್ಕಿಳಿದು ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಕಸದ ಬುಟ್ಟಿಗೆ ಹಾಕಿ.

ಗುಡಾರವೋ, ರಟ್ಟಿನ ಪೆಟ್ಟಿಗೆಯೋ

ಎರಡು ಕುರ್ಚಿಗಳ ಬೆನ್ನಿಗೆ ಕಂಬಳಿ ಹಾಸಿದ ಗುಡಾರ ಚಿತ್ರಗಳಲ್ಲಿ ಬಹಳ ಚೆಂದ ಕಾಣುತ್ತದೆ. ನಮ್ಮ ಮನೆಯಲ್ಲಿ ಅದು ಸರಾಸರಿ ಹನ್ನೊಂದು ನಿಮಿಷಕ್ಕೊಮ್ಮೆ ಕುಸಿಯುತ್ತದೆ. ಒಬ್ಬಳು ಒಳಗೆ ಕೂತು ದೀಪ ಹಚ್ಚುತ್ತಾಳೆ, ಇನ್ನೊಬ್ಬ ಹೊರಗಿನಿಂದ ಅಂಚು ಎಳೆಯುತ್ತಾನೆ. ಕಂಬಳಿಯ ಮೇಲೆ ದಪ್ಪ ಪುಸ್ತಕ ಇಟ್ಟು ಬಿಗಿಮಾಡುವ ಉಪಾಯ ಮಾತ್ರ ಮಾಡಬೇಡಿ. ಅದು ಬೀಳುವುದು ತಲೆಯ ಮೇಲೆಯೇ. ಬಟ್ಟೆ ಒಣಗಿಸುವ ಕ್ಲಿಪ್ಪುಗಳು ವಾಸಿ. ಅದಕ್ಕಿಂತ ವಾಸಿ ಊಟದ ಮೇಜಿನ ಮೇಲೆ ನೆಲಕ್ಕೆ ಮುಟ್ಟುವ ಚಾದರ. ಅದು ಕುಸಿಯುವ ಪ್ರಶ್ನೆಯೇ ಇಲ್ಲ.

ಒಳಗಿನ ಬೆಳಕಿಗೆ ಟಾರ್ಚು ಸಾಕು. ಮೋಂಬತ್ತಿಯಾಗಲಿ, ಬಿಸಿಯಾಗುವ ಬಲ್ಬಾಗಲಿ ಬಟ್ಟೆಯ ಹತ್ತಿರ ಬರಬಾರದು. ಕೋಣೆಯಲ್ಲಿ ಹೀಟರ್ ಇದ್ದರೆ ಅದರಿಂದ ಕನಿಷ್ಠ ಒಂದು ಮೀಟರ್ ದೂರ ಗುಡಾರ ಕಟ್ಟಿ. ಟಾರ್ಚಿನಲ್ಲಿ ಗುಂಡಿಯಾಕಾರದ ಬ್ಯಾಟರಿ ಇದ್ದರೆ ಅದರ ಮುಚ್ಚಳ ಸ್ಕ್ರೂ ಹಾಕಿ ಬಿಗಿದಿದೆಯೇ ಎಂದು ನೋಡಿಕೊಳ್ಳಿ. ಮಗು ನುಂಗಿದರೆ ಅದು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ರಟ್ಟಿನ ಪೆಟ್ಟಿಗೆ ಗುಡಾರದಷ್ಟು ಮುದ್ದಾಗಿಲ್ಲ. ಆದರೆ ಅದನ್ನು ಮಕ್ಕಳೇ ತಳ್ಳಬಹುದು, ಒಳಗೆ ಕೂರಬಹುದು, ಗೀಚಬಹುದು, ಕೊನೆಗೆ ಹರಿಯಬಹುದು. ಅಮೆರಿಕದ ರಾಷ್ಟ್ರೀಯ ಆಟಿಕೆ ಗೌರವಭವನಕ್ಕೆ ರಟ್ಟಿನ ಪೆಟ್ಟಿಗೆಯನ್ನು 2005ರಲ್ಲಿ, ಕಂಬಳಿಯನ್ನು 2011ರಲ್ಲಿ ಸೇರಿಸಿದರು. ಕ್ರಮ ಸರಿಯಾಗಿದೆ ಎಂದು ನನ್ನ ಅನುಭವವೂ ಹೇಳುತ್ತದೆ. ಒಂದು ದೊಡ್ಡ ಪೆಟ್ಟಿಗೆ ನಮ್ಮಲ್ಲಿ ನಾಲ್ಕು ದಿನ ಬಾಳಿತು. ಮೊದಲ ದಿನ ದೋಣಿ, ಎರಡನೆಯ ದಿನ ಬಸ್ಸು, ಮೂರನೆಯ ದಿನ ಕಿಟಕಿ ಕೊರೆದ ಅಂಗಡಿ, ನಾಲ್ಕನೆಯ ದಿನ ಚಪ್ಪಟೆಯಾಗಿ ಜಾರುಬಂಡೆ. ಕೊರೆಯುವುದು ನಿಮ್ಮ ಕೆಲಸ, ಎಲ್ಲಿ ಕೊರೆಯಬೇಕೆಂದು ಹೇಳುವುದು ಅವರ ಕೆಲಸ. ಒಳಗಿನ ಪಿನ್ನುಗಳನ್ನು ಮೊದಲೇ ಕಿತ್ತುಬಿಡಿ.

ಹಾಗಾದರೆ ಗುಡಾರ ಬೇಡವೇ? ಬೇಕು, ಸಂಜೆಗೆ. ಹಗಲಿನಲ್ಲಿ ಪೆಟ್ಟಿಗೆ, ಕತ್ತಲಾದ ಮೇಲೆ ಮೇಜಿನಡಿಯ ಗುಡಾರ. ಮಳೆಯ ಸದ್ದು ಅದರೊಳಗೆ ಬೇರೆಯೇ ಕೇಳಿಸುತ್ತದೆ.

ಅಡುಗೆಮನೆಯ ಪಾಲು

ಅಡುಗೆ ಹೇಗೂ ಆಗಲೇಬೇಕು. ಹಾಗಾಗಿ ಹರಡುವ ಹೊತ್ತೂ ಒರೆಸುವ ಹೊತ್ತೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಟಾಣಿ ಬಿಡಿಸುವುದು, ಸೊಪ್ಪು ಹರಿಯುವುದು, ಹಿಟ್ಟು ನಾದುವುದು, ತರಕಾರಿ ತೊಳೆಯುವುದು ಮೂರರ ನಂತರದವರಿಗೆ ಒಪ್ಪುತ್ತದೆ. ಮಗುವಿಗೆ ಕೆಲಸ ಕೊಟ್ಟರೆ ಅಡುಗೆ ಬೇಗ ಮುಗಿಯುತ್ತದೆ ಎಂಬ ಭ್ರಮೆ ಮಾತ್ರ ಬೇಡ. ಇಪ್ಪತ್ತು ನಿಮಿಷದ್ದು ನಲವತ್ತಾಗುತ್ತದೆ, ಮಳೆಯ ದಿನ ನಮಗೆ ಬೇಕಾಗಿರುವುದೂ ಅದೇ. ಎರಡರ ಒಳಗಿನವರಿಗೆ ಕೆಳಗಿನ ಒಂದು ಕಪಾಟು ಬಿಟ್ಟುಕೊಡಿ. ಒಡೆಯದ ಪಾತ್ರೆ, ಮುಚ್ಚಳ, ಮರದ ಸೌಟು. ಸದ್ದು ಸಹಿಸಲು ನಿಮಗೆ ಸಾಧ್ಯವಿದ್ದರೆ ಬೇರೇನೂ ಬೇಡ.

ಸಂಜೆ ನಾಲ್ಕರಿಂದ ಆರು: ಪುಸ್ತಕವೋ, ಪರದೆಯೋ

ಇದು ದಿನದ ಕಡಿದಾದ ಏರು. ನಿದ್ದೆಯಿಂದ ಎದ್ದ ಗಂಟುಮೂತಿ, ಕವಿಯುತ್ತಿರುವ ಕತ್ತಲು, ಮುಗಿಯುತ್ತಿರುವ ನಮ್ಮ ತಾಳ್ಮೆ. ಕೈ ತಾನಾಗಿ ಮೊಬೈಲಿನ ಕಡೆಗೆ ಹೋಗುತ್ತದೆ.

ಪ್ರಾಮಾಣಿಕವಾಗಿ ಹೋಲಿಸಿದರೆ, ನನ್ನ ಮೂರು ಪ್ರಶ್ನೆಗಳ ಲೆಕ್ಕದಲ್ಲಿ ಪರದೆಯೇ ಗೆಲ್ಲುತ್ತದೆ. ಹರಡಲು ಹತ್ತು ಸೆಕೆಂಡು, ಒರೆಸಲು ಏನೂ ಇಲ್ಲ. ಅದರ ಬೆಲೆ ಬರುವುದು ನಿಲ್ಲಿಸುವಾಗ, ರಂಪದ ರೂಪದಲ್ಲಿ. ಆಗಲೇ ಹೇಳಿದ 2019ರ ಮಾರ್ಗಸೂಚಿಯಲ್ಲಿ 2 ವರ್ಷದೊಳಗಿನವರಿಗೆ ಕೂತು ನೋಡುವ ಪರದೆ ಬೇಡವೆಂದೂ 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ಇದೆ, ಕಡಿಮೆಯಾದಷ್ಟೂ ಒಳ್ಳೆಯದು. ನಾವು ದೊಡ್ಡವಳಿಗೆ ಅರ್ಧ ಗಂಟೆ ಕೊಡುತ್ತೇವೆ, ಚಿಕ್ಕವನು ನಿದ್ದೆಯಲ್ಲಿರುವಾಗ. ಸಂಜೆಯ ರಂಪಕ್ಕೆ ಲಂಚವಾಗಿ ಮಾತ್ರ ಕೊಡುವುದಿಲ್ಲ. ಒಮ್ಮೆ ಕೊಟ್ಟರೆ ಮರುದಿನ ರಂಪ ಹದಿನೈದು ನಿಮಿಷ ಮುಂಚೆಯೇ ಶುರುವಾಗುತ್ತದೆ.

ಪುಸ್ತಕಕ್ಕೆ ನಾವು ಕೂರಬೇಕು, ಗಂಟಲು ಬೇಕು. ಆದರೆ ಮೈಗೆ ಮೈ ತಾಗಿಸಿಕೊಂಡು ಒಂದೇ ಕಂಬಳಿಯಡಿ ಕೂರುವ ಸುಖ ಬೇರೆ ಯಾವುದರಲ್ಲಿದೆ? ಓದುವುದರಲ್ಲೂ ಎರಡು ಬಗೆ. ಗಡಗಡ ಓದಿ ಮುಗಿಸುವುದು ಒಂದು. ನಡುನಡುವೆ ನಿಲ್ಲಿಸಿ "ಇದು ಏನು ಮಾಡುತ್ತಿದೆ? ಈಗ ಎಲ್ಲಿಗೆ ಹೋಗುತ್ತದೆ?" ಎಂದು ಮಗುವಿನಿಂದ ಹೇಳಿಸುವುದು ಇನ್ನೊಂದು. ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕೇಳಿ ಕೇಳಿ ಓದುವುದನ್ನು ಕಲಿತ ಪೋಷಕರ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಾದರು. ನನಗೆ ಅದರ ಇನ್ನೊಂದು ಲಾಭ ಕಾಣುತ್ತದೆ: ಹತ್ತು ಪುಟದ ಪುಸ್ತಕ ಅರ್ಧ ಗಂಟೆ ಬರುತ್ತದೆ.

ಗಂಟಲು ಕೈಕೊಟ್ಟ ದಿನಕ್ಕೆ ಧ್ವನಿಕಥೆ ಇದೆ. ಪರದೆಯಿಲ್ಲ, ಕೈಗಳು ಬಿಡುವಾಗಿರುತ್ತವೆ, ಕೇಳುತ್ತಲೇ ಮಗಳು ಇಟ್ಟಿಗೆ ಕಟ್ಟುತ್ತಾಳೆ. ಪರದೆಗೂ ಪುಸ್ತಕಕ್ಕೂ ನಡುವಿನ ಈ ದಾರಿಯನ್ನು ನಾವು ತಡವಾಗಿ ಕಂಡುಕೊಂಡೆವು.

ಇಬ್ಬರಿದ್ದರೆ ಲೆಕ್ಕ ಬದಲು

"ಇಬ್ಬರೂ ಸೇರಿ ಆಡಿಕೊಳ್ಳಿ" ಎಂಬ ಮಾತನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಶಿಶುವಿಹಾರದ ಮಕ್ಕಳನ್ನು ಗಮನಿಸಿ ಆಟದ ಹಂತಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು, ಅಕ್ಕಪಕ್ಕದಲ್ಲಿ ಕೂತು ಒಂದೇ ಬಗೆಯ ವಸ್ತುವಿನೊಂದಿಗೆ ತಮ್ಮತಮ್ಮ ಪಾಡಿಗೆ ಆಡುವುದು. ಎರಡರ ಆಸುಪಾಸಿನ ಮಗುವಿನಿಂದ ಅಷ್ಟು ನಿರೀಕ್ಷಿಸಿದರೆ ಸಾಕು. ಕೂಡಿ ನಿಯಮ ಹಾಕಿಕೊಂಡು ಆಡುವುದು ಆಮೇಲೆ ಬರುತ್ತದೆ. ಹೀಗಾಗಿ ಹಿಟ್ಟಿನ ಮುದ್ದೆ, ನೀರು, ರಟ್ಟು ಇಬ್ಬರಿಗೂ ಒಗ್ಗುತ್ತವೆ, ಪಾಲು ಬೇರೆ ಬೇರೆ ಇರಬೇಕು ಅಷ್ಟೇ. ಚಿತ್ರದ ತುಂಡು ಜೋಡಿಸುವ ಆಟ, ಮಣಿ ಪೋಣಿಸುವುದು, ಚಿಕ್ಕ ಇಟ್ಟಿಗೆ ಇವೆಲ್ಲ ಒಗ್ಗುವುದಿಲ್ಲ. ಒಬ್ಬಳು ಕಟ್ಟಿದ್ದನ್ನು ಇನ್ನೊಬ್ಬ ಕೆಡವುತ್ತಾನೆ, ಕೆಡವದಿದ್ದರೆ ನುಂಗುತ್ತಾನೆ. ಟಾಯ್ಲೆಟ್ ಕಾಗದದ ಖಾಲಿ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು ಎಂಬ ಹಳೆಯ ಅಳತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಥವನ್ನೆಲ್ಲ ತಮ್ಮನ ನಿದ್ದೆಯ ಹೊತ್ತಿಗೆ ಎತ್ತಿಟ್ಟಿದ್ದೇವೆ. "ನನ್ನ ಚಿಕ್ಕ ಸಾಮಾನಿನ ಹೊತ್ತು" ಎಂದು ಮಗಳು ಅದಕ್ಕೆ ಹೆಸರಿಟ್ಟಿದ್ದಾಳೆ.

ಕೊನೆಗೆ ಸ್ನಾನ

ಬೆಳಗಿನ ಸ್ನಾನವೋ ಸಂಜೆಯದೋ ಎಂದರೆ, ಮಳೆಯ ದಿನ ಸಂಜೆಯದೇ. ಉಗುರಿನ ಸಂದಿಯ ಹಿಟ್ಟು, ಕಿವಿಯ ಹಿಂದಿನ ಬಣ್ಣ, ಮೈಗೆ ಹತ್ತಿದ ಚಳಿ ಮೂರೂ ಒಟ್ಟಿಗೆ ಹೋಗುತ್ತವೆ, ಆಟವೂ ಆಗುತ್ತದೆ. ಆಮೇಲೆ ಬೆಚ್ಚನೆಯ ಕೋಣೆ. ಬೆಚ್ಚಗಿರಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗುವ ಮೊದಲು ಐದು ನಿಮಿಷ ಕಿಟಕಿ ತೆರೆದು ಒಳಗಿನ ತೇವದ ಗಾಳಿಯನ್ನು ಹೊರಗೆ ಬಿಟ್ಟರೆ ಕೋಣೆ ಬೇಗ ಬಿಸಿಯಾಗುತ್ತದೆ, ಗೋಡೆಗೆ ಬೂಷ್ಟೂ ಕಡಿಮೆ.

ಮಕ್ಕಳು ಮಲಗಿದ ಮೇಲೆ ನನ್ನ ಪಾಲಿನ ಹತ್ತು ನಿಮಿಷದ ಕೆಲಸ ಉಳಿದಿರುತ್ತದೆ. ಮುದ್ದೆ ಡಬ್ಬಿಗೆ. ಅರ್ಧ ಆಟಿಕೆಗಳು ಕಪಾಟಿನ ಮೇಲಕ್ಕೆ, ಮೂರು ದಿನ ಕಣ್ಣಿಗೆ ಬೀಳದಿದ್ದರೆ ಅವು ಮತ್ತೆ ಹೊಸವಾಗುತ್ತವೆ. ಕಾಲುಚೀಲಗಳು ಬುಟ್ಟಿಯಲ್ಲೇ ಇರಲಿ, ನಾಳೆಗೂ ಬೇಕು. ಬಾಗಿಲ ಬಳಿ ಎರಡು ಜೊತೆ ಪುಟ್ಟ ಗಂಬೂಟುಗಳು ಒದ್ದೆಯಾಗಿ ಕೂತಿವೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಮುದುಡಿ ಅವುಗಳೊಳಗೆ ತುರುಕುತ್ತೇನೆ, ಬೆಳಗಿನೊಳಗೆ ಕಾಗದ ನೀರು ಹೀರಿಕೊಂಡಿರುತ್ತದೆ. ಚಿಕ್ಕವನ ಎಡಗಾಲಿನ ಬೂಟಿನಿಂದ ಇವತ್ತು ಒಂದು ಸೌಟು ಸಿಕ್ಕಿತು.